ಮೊದಲ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಏಟಿವಿ: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಸಿಕ್ಕಾಗ ಕಾಡುದಾರಿ, ಗುಡ್ಡದ ಹಾದಿ ಸುತ್ತಬೇಕು. ಉಳಿದ ಹೊತ್ತು ಹಿಂದೆ ಟ್ರೇಲರ್ ಕಟ್ಟಿ ಸೌದೆ, ಮಣ್ಣು, ಕಲ್ಲು ಸಾಗಿಸಬೇಕು. ಎರಡಕ್ಕೂ ಒಂದೇ ಏಟಿವಿ (ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ), ಅದೂ ಹಳೆಯದು. ಹೀಗೆ ಲೆಕ್ಕ ಹಾಕಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮರಳುದಿಬ್ಬದ ಮೇಲೆ ಹಾರಿಸುವ ಸ್ಪೋರ್ಟ್ ಕ್ವಾಡ್ ಹುಡುಕುತ್ತಿರುವವರಿಗೆ ಈ ಪುಟದಿಂದ ಹೆಚ್ಚೇನೂ ಸಿಗುವುದಿಲ್ಲ.

ಎಷ್ಟು ಸಿಸಿ ಇರಬೇಕು?

400ರಿಂದ 570 ಸಿಸಿ ಒಳಗೆ ಹುಡುಕಿ. ಹೋಂಡಾ ರಾಂಚರ್ 420, ಯಮಹಾ ಕೊಡಿಯಾಕ್ 450, ಸುಜುಕಿ ಕಿಂಗ್‌ಕ್ವಾಡ್ 500, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570, ಎಲ್ಲವೂ ಈ ಗುಂಪಿನವೇ. ಕಾಡುದಾರಿಯಲ್ಲಿ ನಿಮ್ಮ ವೇಗ ನಿರ್ಧಾರ ಆಗುವುದು ತಿರುವು, ಬೇರು, ಕಲ್ಲುಗಳಿಂದ. ಅಲ್ಲಿ 850 ಸಿಸಿ ಇದ್ದರೂ ಅದರ ಅರ್ಧ ಶಕ್ತಿಯೂ ಕೆಲಸಕ್ಕೆ ಬರುವುದಿಲ್ಲ.

ಏಟಿವಿಯ ಥ್ರಾಟಲ್ ಹೆಬ್ಬೆರಳಲ್ಲಿ ಒತ್ತುವಂಥದ್ದು. ಹೊಸಬರು ಗುಂಡಿಗೆ ಇಳಿದಾಗ ಮೈ ಮುಂದಕ್ಕೆ ವಾಲುತ್ತದೆ, ಹೆಬ್ಬೆರಳು ತಾನಾಗಿ ಇನ್ನಷ್ಟು ಒತ್ತುತ್ತದೆ. 420 ಸಿಸಿ ಗಾಡಿಯಲ್ಲಿ ಇದರಿಂದ ಒಂದು ಜರ್ಕ್ ಬಂದು ಸುಮ್ಮನಾಗುತ್ತದೆ. 850ರಲ್ಲಿ ಗಾಡಿ ಪೊದೆಯೊಳಗೆ ಹೋಗಿರುತ್ತದೆ.

ತೂಕವನ್ನೂ ಮರೆಯಬೇಡಿ. ಈ ಗಾಡಿಗಳು ಸಾಮಾನ್ಯವಾಗಿ 270ರಿಂದ 350 ಕಿಲೊ ಇರುತ್ತವೆ. ಮಗುಚಿಕೊಂಡರೆ ಒಬ್ಬರೇ ಎತ್ತುವ ಮಾತೇ ಇಲ್ಲ. ಸೀಟಿನ ಮೇಲೆ ಕೂತು ಹ್ಯಾಂಡಲ್ ಒಂದು ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಹೊರಗಡೆಯ ಕೈಗೆ ಹಿಡಿ ಮತ್ತು ಬ್ರೇಕ್ ಲಿವರ್ ಆರಾಮಾಗಿ ಸಿಗಬೇಕು. ಸಿಗದಿದ್ದರೆ ಗಾಡಿ ನಿಮಗೆ ದೊಡ್ಡದಾಯಿತು.

ಟ್ರೇಲರ್‌ನಲ್ಲಿ ಎಷ್ಟು ಭಾರ ಎಳೆಯಬಹುದು?

ಮಾಡೆಲ್ ನೋಡಿ ಹೇಳಬೇಕು. ರಾಂಚರ್ 420ಕ್ಕೆ ಕಂಪನಿ ಕೊಟ್ಟಿರುವ ಮಿತಿ ಸುಮಾರು 385 ಕಿಲೊ. ಯಮಹಾ ಗ್ರಿಜ್ಲಿ 700ಕ್ಕೆ ಸುಮಾರು 600 ಕಿಲೊ. ಈ ಅಂಕಿಯಲ್ಲಿ ಖಾಲಿ ಟ್ರೇಲರ್‌ನ ತೂಕವೂ ಸೇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಟ್ರೇಲರ್ 120 ಕಿಲೊ ಇದ್ದರೆ ರಾಂಚರ್‌ಗೆ ಉಳಿಯುವುದು 265 ಕಿಲೊ ಮಾತ್ರ. ಹಸಿ ಮಣ್ಣು ತುಂಬಿದರೆ ಒಂದು ಘನ ಮೀಟರಿಗೆ ಒಂದೂವರೆ ಟನ್‌ಗೂ ಜಾಸ್ತಿ ತೂಗುತ್ತದೆ. ಅಂದರೆ ಟ್ರೇಲರ್‌ನ ತಳ ಮುಚ್ಚುವಷ್ಟು ಮಣ್ಣು ಹಾಕಿದಾಗಲೇ ಮಿತಿ ಮುಟ್ಟಿರುತ್ತದೆ.

ಇನ್ನೊಂದು ಅಂಕಿ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರದ್ದು. ತುಂಬಿದ ಟ್ರೇಲರ್‌ನ ತೂಕದಲ್ಲಿ ಹತ್ತನೇ ಒಂದು ಭಾಗದಷ್ಟು ಹಿಚ್ ಮೇಲೆ ಇರಲಿ. ಭಾರ ಎಲ್ಲ ಟ್ರೇಲರ್‌ನ ಹಿಂಭಾಗಕ್ಕೆ ಹೋದರೆ ಅದು ಗಾಡಿಯ ಹಿಂಬದಿಯನ್ನು ಮೇಲಕ್ಕೆ ಎತ್ತುತ್ತದೆ, ಚಕ್ರಗಳಿಗೆ ಹಿಡಿತ ಇರುವುದಿಲ್ಲ. ಮುಂದಕ್ಕೆ ಜಾಸ್ತಿಯಾದರೆ ಗಾಡಿಯ ಮೂತಿ ಮೇಲೇಳುತ್ತದೆ, ಹ್ಯಾಂಡಲ್ ಹಗುರಾಗಿ ಮಾತು ಕೇಳುವುದಿಲ್ಲ. ಹಿಂದಿನ ರ‍್ಯಾಕ್ ಮೇಲೂ ಸಾಮಾನು ಇದ್ದರೆ ಹಿಚ್ ಭಾರ ಮತ್ತು ರ‍್ಯಾಕ್ ಭಾರ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಗಾಡಿಗೆ ಅಂಟಿಸಿರುವ ಸ್ಟಿಕರ್‌ನಲ್ಲಿ ಇದೆಲ್ಲ ಬರೆದಿರುತ್ತದೆ. ಸ್ಟಿಕರ್ ಕಿತ್ತುಹೋಗಿದ್ದರೆ ಓನರ್ಸ್ ಮ್ಯಾನುಯಲ್ ನೋಡಿ.

ಹಿಚ್ ಇಲ್ಲದಿದ್ದರೆ ರ‍್ಯಾಕ್‌ಗೆ ಹಗ್ಗ ಕಟ್ಟಿ ಎಳೆಯಬಹುದಲ್ವಾ?

ಬೇಡವೇ ಬೇಡ. ಎಳೆತದ ಜಾಗ ಹಿಂದಿನ ಆಕ್ಸಲ್‌ಗಿಂತ ಎಷ್ಟು ಮೇಲಿರುತ್ತದೋ, ಗಾಡಿ ಹಿಂದಕ್ಕೆ ಮಗುಚುವ ಅಪಾಯ ಅಷ್ಟು ಜಾಸ್ತಿ. ರ‍್ಯಾಕ್‌ಗೆ ಕಟ್ಟಿದ ಮರದ ದಿಮ್ಮಿ ಬೇರಿಗೆ ಸಿಕ್ಕಿಕೊಂಡಿತು ಎಂದುಕೊಳ್ಳಿ. ನೀವು ಥ್ರಾಟಲ್ ಒತ್ತುತ್ತೀರಿ, ದಿಮ್ಮಿ ಅಲ್ಲಾಡುವುದಿಲ್ಲ. ಹಿಂದಿನ ಚಕ್ರಕ್ಕೆ ಹಿಡಿತ ಇರುವುದರಿಂದ ಮುಂದಿನ ಚಕ್ರಗಳು ನೆಲ ಬಿಡುತ್ತವೆ. ಆಮೇಲೆ 300 ಕಿಲೊ ನಿಮ್ಮ ಮೇಲೆ ಬರುವುದಕ್ಕೆ ಒಂದು ಸೆಕೆಂಡ್ ಸಾಕು. ದಿಮ್ಮಿ ಎಳೆಯುವುದಿದ್ದರೂ ಹಿಚ್‌ಗೇ ಕಟ್ಟಿ, ಅದರ ಮುಂದಿನ ತುದಿ ನೆಲದಿಂದ ಸ್ವಲ್ಪ ಮೇಲಿರುವಂತೆ ನೋಡಿಕೊಳ್ಳಿ.

ಹಳೆ ಗಾಡಿಯ ರ‍್ಯಾಕ್ ಹಿಂದಕ್ಕೆ ಬಾಗಿದ್ದರೆ ಹಿಂದಿನ ಮಾಲೀಕರು ಈ ಕೆಲಸ ಮಾಡಿರಬಹುದು. ವಿಚಾರಿಸಿ.

ಏರು ಹತ್ತುವ ಶಕ್ತಿ ಮುಖ್ಯವಾ, ಬ್ರೇಕ್ ಮುಖ್ಯವಾ?

ಬ್ರೇಕ್. ಟ್ರೇಲರ್ ಕಟ್ಟುವವರು ಗಾಡಿಯನ್ನು ಇಳಿಜಾರಿಗೆ ಆರಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಏರಿನಲ್ಲಿ ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ, ಎರಡು ಸಲ ಹೊತ್ತರಾಯಿತು. ಇಳಿಜಾರಿನಲ್ಲಿ 400 ಕಿಲೊ ಟ್ರೇಲರ್ ಹಿಂದಿನಿಂದ ತಳ್ಳುತ್ತಿರುತ್ತದೆ. ಚಿಕ್ಕ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದು ಅಪರೂಪ, ಆದ್ದರಿಂದ ಅಷ್ಟನ್ನೂ ಗಾಡಿಯೇ ತಡೆಯಬೇಕು. ಗಾಡಿ ಸ್ವಲ್ಪ ಅಡ್ಡ ಆದರೂ ಟ್ರೇಲರ್ ಅದನ್ನು ಮಡಚಿ ಹಾಕುತ್ತದೆ.

ಇಲ್ಲಿ ಎಂಜಿನ್ ಬ್ರೇಕಿಂಗ್ ಕೆಲಸಕ್ಕೆ ಬರುತ್ತದೆ. ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಚಕ್ರವನ್ನು ತಡೆಹಿಡಿಯುವುದು. ಗೇರ್ ಇರುವ ಗಾಡಿಗಳಲ್ಲಿ ಇದು ಸಹಜವಾಗಿಯೇ ಇರುತ್ತದೆ. ಹಳೆಯ ಕೆಲವು ಬೆಲ್ಟ್ ಗಾಡಿಗಳಲ್ಲಿ (ಎಂಜಿನ್ ಶಕ್ತಿ ರಬ್ಬರ್ ಬೆಲ್ಟ್ ಮೂಲಕ ಚಕ್ರಕ್ಕೆ ಹೋಗುವವು) ಥ್ರಾಟಲ್ ಪೂರ್ತಿ ಬಿಟ್ಟರೆ ಬೆಲ್ಟ್ ಸಡಿಲವಾಗಿ ಗಾಡಿ ನ್ಯೂಟ್ರಲ್‌ನಲ್ಲಿದ್ದ ಹಾಗೆ ಉರುಳುತ್ತದೆ. ಯಮಹಾದ ಅಲ್ಟ್ರಾಮ್ಯಾಟಿಕ್ ಗಾಡಿಗಳಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಾಗಿಯೇ ಇರುತ್ತದೆ. ಅವನ್ನು ಫೋರ್ ವೀಲ್‌ಗೆ ಹಾಕಿದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ತಡೆ ಸಿಗುತ್ತದೆ. ನೋಡಲು ಹೋದಾಗ ಲೋ ಗೇರ್ (ವೇಗ ಕಮ್ಮಿ, ಬಲ ಜಾಸ್ತಿ ಇರುವ ಗೇರ್) ಹಾಕಿ ಒಂದು ಸಣ್ಣ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ನೋಡಿ. ಗಾಡಿ ತಡೆದು ತಡೆದು ಇಳಿಯಬೇಕು. ವೇಗ ಏರುತ್ತಾ ಹೋದರೆ ಟ್ರೇಲರ್ ಕೆಲಸಕ್ಕೆ ಅದು ಬೇಡ.

ಬ್ರೇಕ್ ಡ್ರಮ್ ಇರುವ ಹಳೆಯ ಗಾಡಿಗಳಲ್ಲಿ ಡ್ರಮ್ ಒಳಗೆ ನೀರು, ಕೆಸರು ಸೇರಿ ಕುಳಿತಿರುತ್ತದೆ. ಒಣಗಿದ್ದಾಗ ಹಿಡಿಯುವ ಬ್ರೇಕ್ ಹಳ್ಳ ದಾಟಿದ ಮೇಲೆ ಹಿಡಿಯದೇ ಹೋಗಬಹುದು. ಡಿಸ್ಕ್ ಇದ್ದರೆ ಒಳ್ಳೆಯದು.

ಫೋರ್ ವೀಲ್ ಡ್ರೈವ್ ಅಂದರೆ ಎಲ್ಲಾ ಕಂಪನಿಯದೂ ಒಂದೇನಾ?

ಅಲ್ಲ. ಬಟನ್ ಮೇಲೆ ಒಂದೇ ಥರ ಬರೆದಿದ್ದರೂ ಒಳಗಿನ ಕೆಲಸ ಬೇರೆ ಬೇರೆ.

ಹೆಚ್ಚಿನ ಯುಟಿಲಿಟಿ ಏಟಿವಿಗಳಲ್ಲಿ ಹಿಂದಿನ ಎರಡು ಚಕ್ರ ಯಾವಾಗಲೂ ಒಟ್ಟಿಗೇ ತಿರುಗುತ್ತವೆ. ವ್ಯತ್ಯಾಸ ಇರುವುದು ಮುಂದೆ. ಪೊಲಾರಿಸ್‌ನಲ್ಲಿ ಬಟನ್ ಒತ್ತಿದರೂ ಹಿಂದಿನ ಚಕ್ರ ಜಾರುವವರೆಗೆ ಮುಂದಿನವು ಸುಮ್ಮನಿರುತ್ತವೆ. ಜಾರಿದ ಕೂಡಲೇ ಎರಡೂ ಸೇರಿಕೊಂಡು ಎಳೆಯುತ್ತವೆ. ಓಡಿಸುವವರು ಹೆಚ್ಚು ಯೋಚಿಸಬೇಕಿಲ್ಲ, ಸ್ಟೀರಿಂಗೂ ಹಗುರ. ಆದರೆ ಇಳಿಜಾರಿನಲ್ಲಿ ಮುಂದಿನ ಚಕ್ರಕ್ಕೆ ಎಂಜಿನ್ ತಡೆ ಬರುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆಂದೇ ಬೇರೆ ವ್ಯವಸ್ಥೆ ಕೊಟ್ಟಿದ್ದಾರೆ, ಇದೆಯೋ ಇಲ್ಲವೋ ಕೇಳಿ. ಯಮಹಾ ಗ್ರಿಜ್ಲಿಯಲ್ಲಿ ಟೂ ವೀಲ್, ಫೋರ್ ವೀಲ್, ಡಿಫರೆನ್ಷಿಯಲ್ ಲಾಕ್ ಎಂದು ಮೂರು ಹಂತ ಇವೆ. ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಬ್ಬಿಯೇ ಡಿಫರೆನ್ಷಿಯಲ್, ಲಾಕ್ ಹಾಕಿದರೆ ಎರಡೂ ಒಟ್ಟಿಗೇ ತಿರುಗುತ್ತವೆ. ಕ್ಯಾನ್-ಆಮ್‌ನ ವಿಸ್ಕೋ-ಲಾಕ್ ಒಂದು ಚಕ್ರ ಜಾರುತ್ತಿದ್ದ ಹಾಗೆ ತಾನೇ ಬಿಗಿಯಾಗುತ್ತಾ ಹೋಗುತ್ತದೆ. ಕವಾಸಾಕಿ ಬ್ರೂಟ್ ಫೋರ್ಸ್‌ನಲ್ಲಿ ಮುಂದಿನ ಡಿಫರೆನ್ಷಿಯಲ್ ಎಷ್ಟು ಬಿಗಿಯಬೇಕು ಎನ್ನುವುದನ್ನು ಎಡಗೈಯ ಲಿವರ್ ಹಿಡಿದು ನೀವೇ ನಿರ್ಧರಿಸಬಹುದು. ಹಳೆಯ ಹೋಂಡಾಗಳಲ್ಲಿ ಕೆಲವು ಸದಾ ಫೋರ್ ವೀಲ್‌ನಲ್ಲೇ ಇರುತ್ತವೆ, ಬಟನ್ನೇ ಇಲ್ಲ. ಗಟ್ಟಿ, ಆದರೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ನೋಯುತ್ತದೆ.

ಸಾಮಾನ್ಯ ಕಾಡುದಾರಿಗೆ ಇದರಲ್ಲಿ ಯಾವುದಾದರೂ ನಡೆಯುತ್ತದೆ. ಕಲ್ಲುಬಂಡೆ, ಆಳವಾದ ಕೆಸರು ಇರುವ ಕಡೆ ಹೋಗುವವರು ಮುಂದಿನ ಎರಡೂ ಚಕ್ರ ಪೂರ್ತಿ ಲಾಕ್ ಆಗುವಂಥದ್ದನ್ನೇ ನೋಡಲಿ.

ಬೆಲ್ಟ್ ಗಾಡಿಯಾ, ಗೇರ್ ಗಾಡಿಯಾ?

ಬೆಲ್ಟ್ ಗಾಡಿ ಓಡಿಸುವುದು ಸುಲಭ. ಒತ್ತಿದರೆ ಹೋಗುತ್ತದೆ. ಆದರೆ ಬೆಲ್ಟ್ ಸವೆಯುತ್ತದೆ. ಭಾರ ಎಳೆಯುವಾಗ ಹೈ ಗೇರ್‌ನಲ್ಲೇ ನಿಧಾನವಾಗಿ ಹೋಗುವ ಅಭ್ಯಾಸ ಇದ್ದರೆ ಬೆಲ್ಟ್ ಜಾರಿ ಬಿಸಿಯಾಗಿ ಬೇಗ ಹಾಳಾಗುತ್ತದೆ. ಟ್ರೇಲರ್ ಕಟ್ಟಿದರೆ ಲೋ ಗೇರ್, ಇಷ್ಟನ್ನು ಪಾಲಿಸಿದರೆ ಬೆಲ್ಟ್ ತುಂಬಾ ಕಾಲ ಬರುತ್ತದೆ. ಹಳ್ಳ ದಾಟುವಾಗ ಬೆಲ್ಟ್ ಡಬ್ಬಿಗೆ ನೀರು ಹೋದರೂ ಜಾರುತ್ತದೆ. ಡಬ್ಬಿಯ ಕೆಳಗೆ ಡ್ರೈನ್ ಪ್ಲಗ್ ಇರುತ್ತದೆ. ಬಿಚ್ಚಿ ನೀರು ಇಳಿಸಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದರೆ ಒಣಗುತ್ತದೆ.

ಹೋಂಡಾದ ರಾಂಚರ್, ಫೋರ್‌ಮನ್‌ಗಳಲ್ಲಿ ಬೆಲ್ಟ್ ಇಲ್ಲ, ಗೇರ್. ಕಾಲಲ್ಲಿ ಹಾಕುವುದು, ಬಟನ್ ಒತ್ತಿ ಹಾಕುವುದು, ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಎಂದು ಬಗೆಬಗೆ ಇವೆ. ಕೆಲಸ ಜಾಸ್ತಿ, ಸುತ್ತಾಟ ಕಡಿಮೆ ಎನ್ನುವವರಿಗೆ ನಾನು ಗೇರ್ ಗಾಡಿಯನ್ನೇ ಹೇಳುತ್ತೇನೆ. ಒಂದೇ ತೊಂದರೆ, ಕೆಲವು ಗೇರ್ ಮಾಡೆಲ್‌ಗಳಿಗೆ ಪ್ರತ್ಯೇಕ ಲೋ ರೇಂಜ್ ಇಲ್ಲ. ಕಡಿದಾದ ಜಾಗದಲ್ಲಿ ಭಾರ ಎಳೆಯುವುದಿದ್ದರೆ ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಹಿಂದೆ ಗಟ್ಟಿ ಆಕ್ಸಲ್ ಇರಬೇಕಾ, ಇಂಡಿಪೆಂಡೆಂಟ್ ಸಸ್ಪೆನ್ಷನ್ನಾ?

ಸವಾರಿಗೆ ಇಂಡಿಪೆಂಡೆಂಟ್ ಸುಖ. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ನೆಲದಲ್ಲೇ ಇರುತ್ತದೆ, ಸೊಂಟ ಉಳಿಯುತ್ತದೆ, ಗಾಡಿಯ ಹೊಟ್ಟೆಯೂ ನೆಲದಿಂದ ಎತ್ತರ. ಭಾರಕ್ಕೆ ಗಟ್ಟಿ ಆಕ್ಸಲ್ ಒಳ್ಳೆಯದು. ಇಂಥ ಹೋಂಡಾಗಳಲ್ಲಿ ಹಿಚ್ ಇರುವುದು ಆಕ್ಸಲ್‌ನ ಮನೆಯ ಮೇಲೇ. ಟ್ರೇಲರ್‌ನ ಭಾರ ಸ್ಪ್ರಿಂಗ್ ಮೇಲೆ ಬೀಳದೆ ನೇರ ಚಕ್ರಕ್ಕೆ ಇಳಿಯುತ್ತದೆ. ಗಾಡಿಯ ಹಿಂಭಾಗ ಕುಸಿಯುವುದಿಲ್ಲ. ಬಿಚ್ಚಿ ರಿಪೇರಿ ಮಾಡುವ ಭಾಗಗಳೂ ಕಡಿಮೆ: ನಾಲ್ಕು ಸಿವಿ ಬೂಟ್ (ಆಕ್ಸಲ್‌ನ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್ ಮುಚ್ಚುವ ರಬ್ಬರ್ ಚೀಲ) ಮತ್ತು ಒಂದಷ್ಟು ಬುಷ್‌ಗಳ ಖರ್ಚು ಉಳಿಯಿತು.

ಅರ್ಧಕ್ಕಿಂತ ಹೆಚ್ಚು ಹೊತ್ತು ಟ್ರೇಲರ್ ಇರುತ್ತದೆ ಎಂದಾದರೆ ಗಟ್ಟಿ ಆಕ್ಸಲ್ ತಗೊಳ್ಳಿ. ಇಲ್ಲವಾದರೆ ಇಂಡಿಪೆಂಡೆಂಟ್.

ಪವರ್ ಸ್ಟೀರಿಂಗ್ ಬೇಕೇ ಬೇಕಾ?

ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗಾಡಿ ಬಿಡಬೇಕಿಲ್ಲ. ಏಟಿವಿಗೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಬಂದದ್ದು ಯಮಹಾ ಗ್ರಿಜ್ಲಿ 700ರಲ್ಲಿ, 2007ರ ಮಾಡೆಲ್‌ನಿಂದ. ಅದಕ್ಕಿಂತ ಹಳೆಯದರಲ್ಲಿ ಹುಡುಕಿ ಪ್ರಯೋಜನ ಇಲ್ಲ. ಇದರ ನಿಜವಾದ ಉಪಯೋಗ ಕಲ್ಲುದಾರಿಯಲ್ಲಿ ಗೊತ್ತಾಗುತ್ತದೆ. ಚಕ್ರ ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ತಿರುಗುವುದನ್ನು ಅದು ತಡೆಯುತ್ತದೆ.

ಕಾರ್ಬುರೇಟರ್ ಗಾಡಿ ತಗೊಂಡರೆ ಪೇಚಾಟನಾ?

ದಿನವೂ ಓಡಿಸಿದರೆ ಇಲ್ಲ. ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗಿನ ಪೆಟ್ರೋಲ್ ಅಂಟಾಗಿ ಸಣ್ಣ ಜೆಟ್ ಕಟ್ಟಿಕೊಳ್ಳುತ್ತದೆ, ಬಿಚ್ಚಿ ತೊಳೆಯಬೇಕು. ಎತ್ತರದ ಜಾಗಕ್ಕೆ ಹೋದಾಗಲೂ ಎಂಜಿನ್ ಸ್ವಲ್ಪ ಮಂಕಾಗುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಈ ತೊಂದರೆಗಳು ಕಮ್ಮಿ. ಆದರೆ ಬ್ಯಾಟರಿ ಸತ್ತರೆ, ಪೆಟ್ರೋಲ್ ಪಂಪ್ ಕೈಕೊಟ್ಟರೆ ಕಾಡಿನ ಮಧ್ಯೆ ಏನೂ ಮಾಡಲಾಗುವುದಿಲ್ಲ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲದಿದ್ದರೆ ಇಂಜೆಕ್ಷನ್ ಇರಲಿ.

ಎಷ್ಟು ವರ್ಷ ಹಳೆಯದಾದರೆ ಪರವಾಗಿಲ್ಲ? ಮೀಟರ್ ನಂಬಬಹುದಾ?

ವರ್ಷ ನೋಡಬೇಡಿ, ಗಂಟೆ ನೋಡಿ. ಬಹಳಷ್ಟು ಏಟಿವಿಗಳಲ್ಲಿ ಕಿಲೋಮೀಟರ್ ಜೊತೆಗೆ ಎಂಜಿನ್ ಎಷ್ಟು ಗಂಟೆ ಓಡಿದೆ ಎನ್ನುವ ಲೆಕ್ಕವೂ ಇರುತ್ತದೆ. ಎರಡನ್ನೂ ಸೇರಿಸಿ ಓದಿದರೆ ಗಾಡಿಯ ಕತೆ ಸಿಗುತ್ತದೆ. 3000 ಕಿಮೀ, 200 ಗಂಟೆ ಎಂದಿದ್ದರೆ ಗಂಟೆಗೆ 15 ಕಿಮೀ ಆಯಿತು, ಸಹಜವಾದ ಸುತ್ತಾಟ. ಅದೇ 3000 ಕಿಮೀಗೆ 600 ಗಂಟೆ ಎಂದರೆ ಗಂಟೆಗೆ 5 ಕಿಮೀ. ಭಾರ ಎಳೆದಿದೆ, ಇಲ್ಲವೇ ನಿಂತಲ್ಲೇ ಎಂಜಿನ್ ಓಡುತ್ತಿತ್ತು. ಅದು ತಪ್ಪೇನಲ್ಲ, ಆದರೆ "ಕಮ್ಮಿ ಓಡಿದೆ ಸಾರ್" ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಮೀಟರ್ ಬದಲಾಯಿಸಿರಬಹುದು ಎಂಬ ಅನುಮಾನ ಇದ್ದರೆ ಫುಟ್‌ರೆಸ್ಟ್‌ನ ಹಲ್ಲುಗಳು, ಬ್ರೇಕ್ ಪೆಡಲ್, ಹ್ಯಾಂಡಲ್‌ನ ಹಿಡಿ, ಇವುಗಳ ಸವೆತ ನೋಡಿ. ಹೆಚ್ಚಿನ ಟೈರ್‌ಗಳ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2315 ಎಂದರೆ 2015ರ 23ನೇ ವಾರ ತಯಾರಾದದ್ದು. ಗಾಡಿಯೂ 2015ರದ್ದೇ, ಟೈರ್ ಅರ್ಧವೂ ಸವೆದಿಲ್ಲ ಎಂದರೆ ನಿಜವಾಗಿ ಕಮ್ಮಿ ಓಡಿದೆ. 300 ಕಿಮೀ ಓಡಿದೆ ಎನ್ನುವ ಗಾಡಿಗೆ ಹೊಸ ಟೈರ್ ಯಾಕೆ ಹಾಕಿದ್ದಾರೆ ಎಂದು ಕೇಳಲೇಬೇಕು.

ಯಾವ ಕಂಪನಿ ಒಳ್ಳೆಯದು?

ಈ ಜಗಳ ಮುಗಿಯುವಂಥದ್ದಲ್ಲ. ಹೋಂಡಾದ ಮೊದಲ ಫೋರ್ ವೀಲ್ ಡ್ರೈವ್ ಏಟಿವಿ ಬಂದದ್ದು 1986ರಲ್ಲಿ. ಅಲ್ಲಿಂದ ಈಚೆಗೆ ದೊಡ್ಡ ಕಂಪನಿಗಳೆಲ್ಲ ಒಳ್ಳೆಯದನ್ನೂ ಮಾಡಿವೆ, ಸುಮಾರಾದದ್ದನ್ನೂ ಮಾಡಿವೆ. ನಿಮ್ಮ ಹತ್ತಿರ ಯಾವ ಕಂಪನಿಯ ಬಿಡಿಭಾಗ ಮತ್ತು ಮೆಕ್ಯಾನಿಕ್ ಸಿಗುತ್ತಾರೋ ಅದು ಒಳ್ಳೆಯ ಕಂಪನಿ. ಹೊರಡುವ ಮುಂಚೆ ಆ ಮಾಡೆಲ್‌ನ ಬೆಲ್ಟ್, ಮುಂದಿನ ಸಿವಿ ಆಕ್ಸಲ್, ಏರ್ ಫಿಲ್ಟರ್ ಸಿಗುತ್ತದಾ ಎಂದು ಅಂಗಡಿಗೆ ಒಂದು ಫೋನ್ ಮಾಡಿ.

ನೋಡಲು ಹೋದಾಗ ಮೊದಲು ಏನು ನೋಡಬೇಕು?

ಎಂಜಿನ್ ಮುಟ್ಟಿ ನೋಡಿ. ತಣ್ಣಗಿರಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಬೇಡಿ ಎಂದು ಫೋನಲ್ಲೇ ಹೇಳಿರಿ. ಆದರೂ ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಕಾಡುತ್ತದೆ ಎಂದೇ ಅರ್ಥ ಮಾಡಿಕೊಳ್ಳಿ.

ಆಮೇಲೆ ಏರ್ ಫಿಲ್ಟರ್. ಇದೊಂದನ್ನು ಬಿಡಬೇಡಿ. ಸಾಮಾನ್ಯವಾಗಿ ಸೀಟಿನ ಕೆಳಗೋ ಮುಂದಿನ ರ‍್ಯಾಕ್ ಹತ್ತಿರವೋ ಇರುತ್ತದೆ, ಎರಡು ಕ್ಲಿಪ್ ತೆಗೆದರೆ ಡಬ್ಬಿ ಬಿಚ್ಚುತ್ತದೆ. ಫಿಲ್ಟರ್‌ನ ಹೊರಗಡೆ ಧೂಳಿದ್ದರೆ ಚಿಂತೆ ಇಲ್ಲ, ಅದರ ಕೆಲಸವೇ ಅದು. ಫಿಲ್ಟರ್ ಎತ್ತಿ, ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬೆರಳು ಹಾಕಿ ಒರೆಸಿ. ಬೆರಳಿಗೆ ಸಣ್ಣ ಪುಡಿ ಅಂಟಿದರೆ, ಹೆಬ್ಬೆರಳಿಗೆ ಉಜ್ಜಿದಾಗ ಗರಗರ ಎಂದರೆ, ಅಷ್ಟೂ ಮಣ್ಣು ಎಂಜಿನ್ ಒಳಗೂ ಹೋಗಿದೆ. ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಎಲ್ಲ ಸವೆದಿರುತ್ತದೆ. ಅಂಥ ಎಂಜಿನ್ ಇವತ್ತು ಚೆನ್ನಾಗಿ ಓಡಬಹುದು, ಆದರೂ ನಾನಾದರೆ ಅಲ್ಲಿಂದಲೇ ವಾಪಸ್ ಹೊರಡುತ್ತೇನೆ. ಮೇಲೆ ತೊಳೆದು ಪಾಲಿಶ್ ಹಾಕಿದ ಗಾಡಿಯಲ್ಲೂ ಈ ಕೊಳವೆಯನ್ನು ಒರೆಸುವವರು ಕಡಿಮೆ.

ಈಗ ಸ್ಟಾರ್ಟ್ ಮಾಡಿಸಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಟಕ್ ಟಕ್ ಎಂಬ ಸಣ್ಣ ಸದ್ದು ವಾಲ್ವ್ ಹೊಂದಿಸಿದರೆ ಹೋಗಬಹುದು. ಆಳದಿಂದ ಧಡ್ ಧಡ್ ಬಂದರೆ ಹೋಗುವುದಿಲ್ಲ.

ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಒಳ್ಳೆಯದೇ. ಆದರೆ ಹಲವು ಎಂಜಿನ್‌ಗಳಲ್ಲಿ ಸ್ಟಾರ್ಟ್ ಸುಲಭ ಆಗಲೆಂದು ಒತ್ತಡ ಇಳಿಸುವ ವ್ಯವಸ್ಥೆ ಇರುತ್ತದೆ, ಅದರಿಂದ ಅಂಕಿ ಕಮ್ಮಿ ತೋರಿಸುತ್ತದೆ. ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಜೊತೆ ಹೋಲಿಸದೆ ಹೆದರಬೇಡಿ.

ಆಯಿಲ್ ನೋಡಿ ಏನು ತಿಳಿಯುತ್ತದೆ?

ಬಣ್ಣ ಕಪ್ಪಗಿದ್ದರೆ ಬದಲಾಯಿಸಿಲ್ಲ ಎಂದಷ್ಟೇ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೆಚ್ಚಿನವರು ಎಂಜಿನ್ ಆಯಿಲ್ ಮಾತ್ರ ನೋಡುತ್ತಾರೆ. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಆಯಿಲನ್ನೂ ನೋಡಬೇಕು, ಫೋರ್ ವೀಲ್ ಡ್ರೈವ್‌ಗೆ ಜೀವ ಇರುವುದು ಅಲ್ಲಿ. ಮಾಲೀಕರು ಒಪ್ಪಿದರೆ ಡ್ರೈನ್ ಪ್ಲಗ್ ಬಿಚ್ಚಿ. ಅದರ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ಮೆತ್ತನೆಯ ಲೇಪ ಅಂಟಿರುವುದು ಸಹಜ. ಚೂರುಗಳು ಕೈಗೆ ಚುಚ್ಚಿದರೆ ಗೇರ್ ಹಲ್ಲು ಮುರಿಯುತ್ತಿದೆ. ಬಿಚ್ಚಲು ಒಪ್ಪದಿದ್ದರೆ ಮೇಲಿನ ಫಿಲ್ಲರ್ ಪ್ಲಗ್ ಆದರೂ ತೆಗೆದು ಬೆರಳು ಅದ್ದಿ ನೋಡಿ.

ಚಕ್ರ, ಫ್ರೇಮ್ ಕಡೆ ಏನೇನು ನೋಡಬೇಕು?

ಜ್ಯಾಕ್ ಹಾಕಿ ಒಂದೊಂದೇ ಚಕ್ರ ಎತ್ತಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗೋ ಬಾಲ್ ಜಾಯಿಂಟೋ ಹೋಗಿದೆ. ಪಕ್ಕದಿಂದ ಪಕ್ಕಕ್ಕೆ ಅಲ್ಲಾಡಿದರೆ ಟೈ ರಾಡ್ ತುದಿ. ಇವೆಲ್ಲ ಸವೆಯುವ ಭಾಗಗಳೇ. ಅದಕ್ಕೆಂದು ಗಾಡಿ ಬಿಡಬೇಡಿ, ಚೌಕಾಸಿಗೆ ಬರೆದಿಟ್ಟುಕೊಳ್ಳಿ. ಸಿವಿ ಬೂಟ್ ಹರಿದಿದ್ದರೆ ಸುತ್ತ ಗ್ರೀಸ್ ಚಿಮ್ಮಿರುತ್ತದೆ. ಆಗಷ್ಟೇ ಹರಿದಿದ್ದರೆ ಬೂಟ್ ಮಾತ್ರ ಹಾಕಿದರೆ ಸಾಕು. ಒಳಗೆ ಮಣ್ಣು ಸೇರಿದ್ದರೆ ಆಕ್ಸಲ್ಲೇ ಬೇಕು.

ಫ್ರೇಮ್ ವಿಷಯ ಬೇರೆ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ಎ-ಆರ್ಮ್ (ಚಕ್ರವನ್ನು ಫ್ರೇಮ್‌ಗೆ ಸೇರಿಸುವ ತೋಳು) ಕೂಡುವ ಜಾಗ, ಹಿಚ್ ಸುತ್ತ, ಎಂಜಿನ್ ಕೂರುವ ಜಾಗ. ಹೊಸ ವೆಲ್ಡಿಂಗ್ ಗುರುತು, ಅಲ್ಲಿಗೆ ಮಾತ್ರ ಹೊಡೆದ ಬಣ್ಣ, ಬಿರುಕು ಕಂಡರೆ ಮುಂದಿನ ಗಾಡಿ ನೋಡಿ. ರೇಡಿಯೇಟರ್ ರೆಕ್ಕೆಗಳ ನಡುವೆ ಒಣ ಕೆಸರು ತುಂಬಿದ್ದರೆ ಭಾರ ಎಳೆಯುವಾಗ ಬಿಸಿಯಾಗುತ್ತದೆ. ನಿಂತಲ್ಲೇ ಎಂಜಿನ್ ಓಡಲು ಬಿಟ್ಟು ಫ್ಯಾನ್ ತಾನಾಗಿ ತಿರುಗುವವರೆಗೂ ಕಾಯಿರಿ.

ಓಡಿಸಿ ನೋಡುವಾಗ ಫೋರ್ ವೀಲ್ ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುವುದು?

ಮೀಟರ್ ಮೇಲೆ ದೀಪ ಬಂದರೆ ಸ್ವಿಚ್ ಸರಿ ಇದೆ ಎಂದು ಮಾತ್ರ. ಸಡಿಲ ಜಲ್ಲಿ ಅಥವಾ ಹುಲ್ಲಿನ ಮೇಲೆ ನಿಲ್ಲಿಸಿ, ಫೋರ್ ವೀಲ್ ಹಾಕಿ ಥ್ರಾಟಲ್ ಸ್ವಲ್ಪ ಜೋರಾಗಿ ಒತ್ತಿ. ಜೊತೆಗೆ ಬಂದವರು ಪಕ್ಕದಲ್ಲಿ, ದೂರ ನಿಂತು ನೋಡಲಿ. ಮುಂದಿನ ಚಕ್ರವೂ ಕಲ್ಲು ಎಸೆಯಬೇಕು. ಲಾಕ್ ಇದ್ದರೆ ಎರಡೂ ಎಸೆಯಬೇಕು. ಮುಂದಿನಿಂದ ಕಟ್ ಕಟ್ ಎಂದು ಹಲ್ಲು ಜಾರಿದ ಸದ್ದು ಬಂದರೆ ಡಿಫರೆನ್ಷಿಯಲ್ ಹೋಗುತ್ತಿದೆ, ಅದು ದುಬಾರಿ ರಿಪೇರಿ.

ಆಮೇಲೆ ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಎರಡೂ ಕಡೆಗೆ. ಟಿಕ್ ಟಿಕ್ ಕೇಳಿದರೆ ಸಿವಿ ಜಾಯಿಂಟ್. ಹೈ, ಲೋ, ರಿವರ್ಸ್ ಎಲ್ಲವನ್ನೂ ಹಾಕಿ ನೋಡಿ. ಬೆಲ್ಟ್ ಗಾಡಿಯಾದರೆ ನಿಂತಲ್ಲಿಂದ ಹೊರಡುವಾಗ ನಡುಕ, ಸುಟ್ಟ ರಬ್ಬರ್ ವಾಸನೆ ಇರಬಾರದು.

ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿರುವ ಗಾಡಿ ನೋಡೋಕೆ ಚೆನ್ನಾಗಿದೆ. ತಗೊಳ್ಳಬಹುದಾ?

ನೋಡೋಕೆ ಚೆನ್ನಾಗಿರುತ್ತದೆ, ನಿಜ. ದೊಡ್ಡ ಟೈರ್ ಹಾಕಿದರೆ ಒಟ್ಟು ಗೇರಿಂಗ್ ಎತ್ತರವಾಗಿ ಎಳೆಯುವ ಬಲ ಕಮ್ಮಿಯಾಗುತ್ತದೆ, ಬೆಲ್ಟ್ ಮತ್ತು ಆಕ್ಸಲ್ ಮೇಲೆ ಒತ್ತಡ ಜಾಸ್ತಿ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಹಾಕಿದರೆ ಸಿವಿ ಜಾಯಿಂಟ್‌ಗಳು ಯಾವಾಗಲೂ ಬಾಗಿಯೇ ತಿರುಗುತ್ತವೆ, ಗಾಡಿ ಪಕ್ಕಕ್ಕೆ ಮಗುಚುವುದೂ ಸುಲಭ. ಹ್ಯಾಂಡಲ್ ಪಕ್ಕ ಸ್ನಾರ್ಕೆಲ್ ಕೊಳವೆಗಳು (ನೀರಿನ ಮೇಲಿಂದ ಎಂಜಿನ್‌ಗೆ ಗಾಳಿ ಎಳೆಯುವವು) ಎದ್ದಿದ್ದರೆ ಆ ಗಾಡಿ ಆಳದ ನೀರಿಗೆ ಇಳಿದಿದೆ. ಮೊದಲ ಗಾಡಿಗೆ ಕಂಪನಿಯಿಂದ ಬಂದ ಹಾಗೇ ಇರುವುದನ್ನು ಹುಡುಕಿ.

ನೀರಲ್ಲಿ ಮುಳುಗಿದ್ದನ್ನು ಕಂಡುಹಿಡಿಯುವುದು ಹೇಗೆ?

ಮಣ್ಣು ಸೇರಬಾರದ ಜಾಗದಲ್ಲಿ ಮಣ್ಣು ಹುಡುಕಿ. ಹೆಡ್‌ಲೈಟ್ ಗಾಜಿನ ಒಳಗೆ, ಫ್ಯೂಸ್ ಡಬ್ಬಿಯಲ್ಲಿ, ಸೀಟಿನ ಕೆಳಗೆ, ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ಒಣಗಿದ ಕೆಸರಿನ ಗೆರೆ. ವೈರ್ ಕನೆಕ್ಟರ್ ಒಂದೆರಡು ಬಿಚ್ಚಿ ನೋಡಿ, ಹಸಿರು ಕಿಲುಬು ಹಿಡಿದಿರುತ್ತದೆ. ಇಂಥ ಗಾಡಿಯ ಕರೆಂಟಿನ ತೊಂದರೆ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಏಳುತ್ತದೆ.

ವಿಂಚ್ ಇರಲೇಬೇಕಾ?

ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆದು ತೆಗೆಯುವ ಮೋಟರ್ ಇದು. ಒಬ್ಬರೇ ಹೋಗುವವರಿಗೆ ಇರಲಿ. ಗಾಡಿ, ಸವಾರ, ಸಾಮಾನು ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಸಾಕು. ಕೆಸರು ಹಿಡಿದು ಎಳೆಯುವುದರಿಂದ ಈ ಹೆಚ್ಚುವರಿ ಬೇಕು. ಹಳೆ ಗಾಡಿಯಲ್ಲಿ ವಿಂಚ್ ಇದ್ದರೆ ಹಗ್ಗ ಪೂರ್ತಿ ಬಿಚ್ಚಿ ಮತ್ತೆ ಸುತ್ತಿಸಿ ನೋಡಿ. ಸ್ಟೀಲ್ ಹಗ್ಗದ ಎಳೆ ಕಿತ್ತಿದ್ದರೆ ಕೈಗವಸು ಇಲ್ಲದೆ ಮುಟ್ಟಬೇಡಿ.

ಕಾಗದಪತ್ರದಲ್ಲಿ ಏನು ಗಮನಿಸಬೇಕು?

ಫ್ರೇಮ್ ಮೇಲೆ ಕೊರೆದ ನಂಬರ್ ಮತ್ತು ಕಾಗದದ ನಂಬರ್ ಒಂದೇ ಇರಬೇಕು. ನಂಬರ್ ಸುತ್ತ ಉಜ್ಜಿದ ಗುರುತಿದ್ದರೆ ಬೆಲೆ ಎಷ್ಟೇ ಕಮ್ಮಿ ಇದ್ದರೂ ಬೇಡ. 17 ಅಕ್ಷರದ ನಂಬರ್‌ನಲ್ಲಿ ಸಾಮಾನ್ಯವಾಗಿ ಹತ್ತನೆಯದು ಮಾಡೆಲ್ ವರ್ಷ ಹೇಳುತ್ತದೆ: ಎ ಎಂದರೆ 2010, ಬಿ ಎಂದರೆ 2011, ಹೀಗೆ. ಸಾಲ ಬಾಕಿ ಇದೆಯಾ, ಮಾರುವವರ ಹೆಸರಲ್ಲೇ ಇದೆಯಾ ನೋಡಿ. ರಸ್ತೆಗೆ ಇಳಿಸುವ ನಿಯಮ ಒಂದೊಂದು ಕಡೆ ಒಂದೊಂದು ಥರ, ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಬಹುದಾ? ಮಕ್ಕಳು ಓಡಿಸಬಹುದಾ?

ಎರಡೂ ಬೇಡ. ಸೀಟು ಉದ್ದ ಇರುವುದು ಸವಾರ ಹಿಂದೆ ಮುಂದೆ ಸರಿಯಲಿ ಎಂದು. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿದು ಕೂತರೇ ಗಾಡಿ ನಿಲ್ಲುವುದು. ಹಿಂದೆ ಒಬ್ಬರು ಕೂತರೆ ಸರಿಯಲು ಜಾಗವೇ ಇಲ್ಲ. ಇಬ್ಬರಿಗೆಂದೇ ಮಾಡಿದ ಉದ್ದ ಮಾಡೆಲ್‌ಗಳಿವೆ, ಅವು ಬೇರೆ. ಈ ಅಳತೆಯ ಗಾಡಿಗಳು 16 ವರ್ಷ ದಾಟಿದವರಿಗೆ ಎಂದು ಕಂಪನಿಗಳೇ ಸ್ಟಿಕರ್ ಅಂಟಿಸಿರುತ್ತವೆ. ಹೆಲ್ಮೆಟ್ ಖರ್ಚನ್ನು ಗಾಡಿಯ ಖರ್ಚಿನಲ್ಲೇ ಸೇರಿಸಿ.

ಇದಕ್ಕಿಂತ ಸೈಡ್-ಬೈ-ಸೈಡ್ ತಗೊಂಡರೆ?

ಅದು ಕಾರಿನ ಹಾಗೆ ಸ್ಟೀರಿಂಗ್ ಚಕ್ರ, ಅಕ್ಕಪಕ್ಕ ಸೀಟು ಇರುವ ಗಾಡಿ. ಯಾವಾಗಲೂ ಇಬ್ಬರು ಇರುತ್ತೀರಿ, ಸಾಮಾನು ಜಾಸ್ತಿ ಎಂದಾದರೆ ಅದೇ ಸರಿ. ಇಕ್ಕಟ್ಟಾದ ಕಾಡುದಾರಿಯಲ್ಲಿ ಅದು ತೂರುವುದಿಲ್ಲ, ಬೆಲೆಯೂ ಜಾಸ್ತಿ.

ತಂದ ಮೇಲೆ ಮೊದಲು ಏನು ಮಾಡಬೇಕು?

ಮಾರಿದವರು "ಈಗಷ್ಟೇ ಸರ್ವಿಸ್ ಆಗಿದೆ" ಎಂದರೂ ಕಿವಿಗೆ ಹಾಕಿಕೊಳ್ಳಬೇಡಿ. ಎಂಜಿನ್ ಆಯಿಲ್, ಎರಡೂ ಡಿಫರೆನ್ಷಿಯಲ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಎಲ್ಲ ಬದಲಾಯಿಸಿ. ಈ ಖರ್ಚನ್ನು ಚೌಕಾಸಿ ಮಾಡುವಾಗಲೇ ಬೆಲೆಯಿಂದ ಕಳೆದಿರಬೇಕು. ಬೆಲ್ಟ್ ಡಬ್ಬಿ ಬಿಚ್ಚಿ ಅಗಲ ಅಳೆದು ಮ್ಯಾನುಯಲ್ ಹೇಳುವ ಮಿತಿ ಜೊತೆ ನೋಡಿ. ಒಂದೇ ಜಾಗದಲ್ಲಿ ಸೊರಗಿದ್ದರೆ, ಅಂಚು ಹೊಳೆಯುತ್ತಿದ್ದರೆ ಹೊಸದು ಹಾಕಿ. ಹಳೆಯದು ಇನ್ನೂ ಚೆನ್ನಾಗಿದ್ದರೆ ಅದನ್ನು ಸೀಟಿನ ಕೆಳಗೆ ಸ್ಪೇರ್ ಆಗಿ ಇಟ್ಟುಕೊಳ್ಳಬಹುದು.

ಟೈರ್ ಗಾಳಿಯನ್ನು ಕಾರಿನ ಗೇಜ್‌ನಲ್ಲಿ ನೋಡಬೇಡಿ. ಈ ಟೈರ್‌ಗಳಿಗೆ 5ರಿಂದ 7 ಪಿಎಸ್‌ಐ ಆಸುಪಾಸು ಸಾಕು, ಸರಿಯಾದ ಅಂಕಿ ಸ್ಟಿಕರ್‌ನಲ್ಲಿರುತ್ತದೆ. ಕಾರಿನ ಗೇಜ್‌ಗೆ ಅಷ್ಟು ಕೆಳಗಿನ ಅಂಕಿ ಸರಿಯಾಗಿ ತೋರಿಸಲು ಬರುವುದಿಲ್ಲ. ಕಡಿಮೆ ಒತ್ತಡದ ಗೇಜ್ ಒಂದು ತಂದಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದು ಪಿಎಸ್‌ಐ ವ್ಯತ್ಯಾಸ ಇದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟ್ರೇಲರ್ ಕಟ್ಟಿದಾಗ ಇನ್ನೂ ಜಾಸ್ತಿ.